2014ರ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಎಡಿಟಿಂಗ್: ತೊಡದೇವು ಏಳುವ ಹೊತ್ತಿಗೇ ಪರದೆ ನಿಂತುಬಿಡುತ್ತೆ

ಹಿತ್ತಲಗಿಡ · ಸೋಮವಾರ ರಾತ್ರಿ 9:52

ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯವಳು. ಆಯಿ ಮಾಡುವ ಅಡುಗೆಗಳನ್ನು ವಿಡಿಯೊ ಮಾಡಿಡಬೇಕು ಅಂತ ಎರಡು ವರ್ಷದಿಂದ ಹೇಳುತ್ತಲೇ ಇದ್ದೆ. ಈ ಸಲ ಆಲೆಮನೆಯಿಂದ ಕಬ್ಬಿನ ಹಾಲು ಬಂದ ದಿನ ತಮ್ಮನ ಹೊಸ ಫೋನ್ ಕಸಿದುಕೊಂಡು, ತೊಡದೇವು ಅನ್ನುವ ತೆಳು ಹಾಳೆಯಂಥ ಸಿಹಿ ಮಾಡುವುದನ್ನು ಶುರುವಿನಿಂದ ಕೊನೆಯವರೆಗೂ ಹಿಡಿದೆ. 22 ತುಣುಕು, ಒಟ್ಟು 41 ನಿಮಿಷ.

ಈಗ ಕಷ್ಟ ಶುರುವಾಗಿದೆ. ಮನೆಯಲ್ಲಿರುವುದು 2014ರ ಲ್ಯಾಪ್‌ಟಾಪ್. ಯಾವುದೋ ಆಫೀಸಿನಲ್ಲಿ ದುಡಿದು ಸವೆದದ್ದು, ಮಾವ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದುಕೊಟ್ಟಿದ್ದು. ಐ5-4300ಎಂ ಪ್ರೊಸೆಸರ್, 8 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಶಾಟ್‌ಕಟ್ ಅನ್ನುವ ಉಚಿತ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ಟೈಮ್‌ಲೈನ್‌ಗೆ ತುಣುಕು ಎಳೆದು ಪ್ಲೇ ಒತ್ತಿದರೆ ಎರಡು ಸೆಕೆಂಡ್ ಓಡುತ್ತೆ, ಆಮೇಲೆ ಧ್ವನಿ ಮುಂದೆ ಹೋಗುತ್ತೆ, ಚಿತ್ರ ಅಲ್ಲೇ ನಿಲ್ಲುತ್ತೆ. ಬೋರಲು ಹಾಕಿದ ಮಡಿಕೆ ಮೇಲೆ ಆಯಿ ಬಟ್ಟೆಯಲ್ಲಿ ಹಿಟ್ಟು ಎಳೆದು, ಅದು ಒಣಗಿ, ಅಂಚು ಹಿಡಿದು ಎಬ್ಬಿಸುವ ಹೊತ್ತಿಗೆ ಸರಿಯಾಗಿ ನಿಲ್ಲುತ್ತೆ. ಹಾಳೆ ಮಡಿಕೆಗೆ ಅಂಟಿಕೊಂಡೇ ಇದೆ, ಆಯಿ ಮಾತ್ರ "ನೋಡು, ಬಂತು" ಅಂತಿರುತ್ತಾಳೆ.

ಅಡಿಕೆ ದುಡ್ಡು ಈ ವರ್ಷ ತೋಟದ ಬೇಲಿಗೆ ಹೋಯಿತು, ಹೊಸ ಲ್ಯಾಪ್‌ಟಾಪ್ ಮಾತೇ ಇಲ್ಲ. ಇದರಲ್ಲೇ ಏನಾದರೂ ಆಗುತ್ತಾ, ಇಲ್ಲ ಸುಮ್ನೆ ಕೈಬಿಡಲಾ?

ಟರ್ಬೊ ತಿಮ್ಮ · ಸೋಮವಾರ ರಾತ್ರಿ 10:05

ಬೇಜಾರು ಮಾಡ್ಕೋಬೇಡಿ, ಆಗಲ್ಲ. ಪ್ರೀಮಿಯರ್ ಪ್ರೊಗೆ ಕನಿಷ್ಠ ಇಂಟೆಲ್ 6ನೇ ತಲೆಮಾರು ಬೇಕು, ನಿಮ್ಮದು 4ನೆಯದು. ಡಾವಿಂಚಿ ರಿಸಾಲ್ವ್‌ಗೆ 16 ಜಿಬಿ ರ್‍ಯಾಮ್ ಬೇಕು, ಒಳ್ಳೆ ಗ್ರಾಫಿಕ್ಸ್ ಕಾರ್ಡೂ ಬೇಕು. ಎರಡು ಕೋರ್ ಇರುವ ಪ್ರೊಸೆಸರ್ ಇಟ್ಕೊಂಡು ಹೊಸ ಫೋನ್‌ನ ವಿಡಿಯೊ ಎಡಿಟಿಂಗ್ ಅಂದ್ರೆ ಸ್ಕೂಟಿಯಲ್ಲಿ ಅಡಿಕೆ ಮೂಟೆ ಸಾಗಿಸಿದ ಹಾಗೆ.

ಹಿತ್ತಲಗಿಡ · ಸೋಮವಾರ ರಾತ್ರಿ 10:11

ನಮ್ಮ ಕಡೆ ಸ್ಕೂಟಿಯಲ್ಲೇ ಸಾಗಿಸುತ್ತೇವೆ. ಎರಡು ಟ್ರಿಪ್ ಆಗುತ್ತೆ ಅಷ್ಟೆ.

ಹಳೇಬೇರು · ಸೋಮವಾರ ರಾತ್ರಿ 10:40

ತಿಮ್ಮ ಅವರು ಹೇಳಿದ ಎರಡು ಸಾಫ್ಟ್‌ವೇರ್‌ಗಳ ಲೆಕ್ಕ ಸರಿ. ಆದರೆ ಅಕ್ಕ ಕೇಳಿದ್ದು ಆ ಎರಡರ ಬಗ್ಗೆ ಅಲ್ಲ. ಹದಿನೈದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. "ಹಳೇ ಮಷಿನ್, ಎಡಿಟಿಂಗ್ ಆಗ್ತಿಲ್ಲ" ಅಂತ ಬಂದವರಲ್ಲಿ ಹೆಚ್ಚಿನವರ ತೊಂದರೆ ಇದ್ದದ್ದು ಮಷಿನ್‌ನಲ್ಲಲ್ಲ, ಫೋನ್ ಬರೆದ ಫೈಲ್‌ನಲ್ಲಿ.

ಮೊದಲು ಒಂದು ಕೆಲಸ ಮಾಡಿ. ಮೀಡಿಯಾಇನ್ಫೊ ಅಂತ ಒಂದು ಪುಟ್ಟ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಒಂದು ತುಣುಕು ತೆರೆಯಿರಿ. ಫಾರ್ಮ್ಯಾಟ್, ಅಗಲ-ಎತ್ತರ, ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಫ್ರೇಮ್‌ರೇಟ್ ಮೋಡ್, ಈ ನಾಲ್ಕು ಸಾಲು ಇಲ್ಲಿ ಬರೆಯಿರಿ. ಅದನ್ನು ನೋಡದೆ ಏನು ಹೇಳಿದರೂ ಕಣ್ಣು ಮುಚ್ಚಿ ಔಷಧಿ ಬರೆದ ಹಾಗೆ.

ಕಡ್ಲೆಕಾಯಿ · ಸೋಮವಾರ ರಾತ್ರಿ 10:48

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ಎಲ್ಲಾ ಸರಿಹೋಗುತ್ತೆ.

ಹಿತ್ತಲಗಿಡ · ಸೋಮವಾರ ರಾತ್ರಿ 11:02

ನೋಡಿದೆ. ಫಾರ್ಮ್ಯಾಟ್: ಎಚ್‌ಇವಿಸಿ. 3840 × 2160. ಫ್ರೇಮ್‌ರೇಟ್ 59 ಚಿಲ್ಲರೆ. ಮೋಡ್: ವೇರಿಯಬಲ್. ಒಂದು ನಿಮಿಷದ ತುಣುಕು ಹತ್ತಿರ ಹತ್ತಿರ 400 ಎಂಬಿ ಇದೆ.

ಹಳೇಬೇರು · ಸೋಮವಾರ ರಾತ್ರಿ 11:30

ಕಳ್ಳ ಸಿಕ್ಕಿಬಿದ್ದ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಎಚ್‌ಇವಿಸಿ ಅನ್ನುವುದು ವಿಡಿಯೊವನ್ನು ಒತ್ತಿ ಒತ್ತಿ ಚಿಕ್ಕದು ಮಾಡುವ ವಿಧಾನ. ಹಳೇ ಎಚ್.264ರಷ್ಟೇ ಗುಣಮಟ್ಟವನ್ನು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕೂರಿಸುತ್ತೆ. ಫೋನ್‌ಗೆ ಜಾಗ ಉಳಿಯಿತು, ಸಂತೋಷ. ಆದರೆ ಹಾಗೆ ಒತ್ತಿದ್ದನ್ನು ಬಿಡಿಸುವವರು ಯಾರು? ಹೊಸ ಚಿಪ್‌ಗಳಲ್ಲಿ ಅದಕ್ಕೆಂದೇ ಬೇರೆ ಭಾಗ ಇರುತ್ತೆ. ಇಂಟೆಲ್‌ನಲ್ಲಿ ಅದು ಪೂರ್ತಿಯಾಗಿ ಬಂದದ್ದು 2015ರ 6ನೇ ತಲೆಮಾರಿನಲ್ಲಿ. ಹೆಚ್ಚು ಬಣ್ಣ ಹಿಡಿಯುವ 10 ಬಿಟ್‌ನ ಎಚ್‌ಇವಿಸಿಗೆ 7ನೇ ತಲೆಮಾರಿನವರೆಗೆ ಕಾಯಬೇಕಾಯಿತು. ನಿಮ್ಮ 4ನೇ ತಲೆಮಾರಿನಲ್ಲಿ ಎಚ್.264ರಂಥ ಹಳೇ ವಿಧಾನಗಳಿಗೆ ಮಾತ್ರ ಇದೆ. ಹಾಗಾಗಿ ಬಿಡಿಸುವ ಕೆಲಸವೆಲ್ಲ ಆ ಎರಡು ಕೋರ್‌ಗಳ ತಲೆಮೇಲೆ ಬಿತ್ತು.

ಇದರ ಮೇಲೆ ಇನ್ನೊಂದು ಕಾಟ. ಇಂಥ ಫೈಲ್‌ಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ ಆಗಿರುವುದಿಲ್ಲ. ಒಂದು ಪೂರ್ತಿ ಚಿತ್ರ, ಆಮೇಲೆ "ಹಿಂದಿನದಕ್ಕಿಂತ ಏನು ಬದಲಾಯಿತು" ಅನ್ನುವ ಟಿಪ್ಪಣಿಗಳು. ಟಿವಿ ಧಾರಾವಾಹಿ ಇದ್ದಹಾಗೆ. ಮಧ್ಯದ ಕಂತು ಅರ್ಥವಾಗಬೇಕಾದರೆ ಹಿಂದಿನವನ್ನು ನೋಡಿರಬೇಕು. ಬರೀ ನೋಡುವಾಗ ತೊಂದರೆ ಇಲ್ಲ, ಸಾಲಾಗಿ ಬರುತ್ತವೆ. ಎಡಿಟ್ ಮಾಡುವಾಗ ನೀವು ಹಿಂದೆ ಮುಂದೆ ಜಿಗಿಯುತ್ತೀರಿ. ಪ್ರತಿ ಜಿಗಿತಕ್ಕೂ ಅದು ಹಿಂದಿನ ಪೂರ್ತಿ ಚಿತ್ರ ಹುಡುಕಿ, ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು.

4ಕೆ ಅಂದರೆ ಒಂದು ಫ್ರೇಮ್‌ನಲ್ಲಿ 83 ಲಕ್ಷ ಪಿಕ್ಸೆಲ್. 1080ಪಿಯಲ್ಲಿ, ಅಂದರೆ ಫುಲ್ ಎಚ್‌ಡಿಯಲ್ಲಿ, ಸುಮಾರು 21 ಲಕ್ಷ. ಅಲ್ಲಿಗೆ ನಾಲ್ಕು ಪಟ್ಟು. ಸೆಕೆಂಡಿಗೆ 30ರ ಬದಲು 60 ಫ್ರೇಮ್, ಅದೊಂದು ಎರಡು ಪಟ್ಟು. ನೀವು ಈ ಲ್ಯಾಪ್‌ಟಾಪ್‌ಗೆ ಎಂಟು ಪಟ್ಟು ಕೆಲಸ ಕೊಟ್ಟಿದ್ದೀರಿ, ಅದೂ ಅದಕ್ಕೆ ಬಾರದ ಭಾಷೆಯಲ್ಲಿ.

ಕಡ್ಲೆಕಾಯಿ ಅವರೇ, ಎಸ್‌ಎಸ್‌ಡಿ ಒಳ್ಳೆಯದೇ. ಮಷಿನ್ ಬೇಗ ಏಳುತ್ತೆ, ಸಾಫ್ಟ್‌ವೇರ್ ಬೇಗ ತೆರೆಯುತ್ತೆ. ಆದರೆ ಲೆಕ್ಕ ನೋಡಿ. ನಿಮಿಷಕ್ಕೆ 400 ಎಂಬಿ ಅಂದರೆ ಸೆಕೆಂಡಿಗೆ ಏಳು ಎಂಬಿಯೂ ಆಗಲಿಲ್ಲ. ತಿರುಗುವ ಹಳೇ ಡಿಸ್ಕೇ ಅದರ ಹತ್ತು ಪಟ್ಟು ಕೊಡುತ್ತೆ. ಅಕ್ಕಿ ತಂದು ಸುರಿಯುವವನು ನಿಧಾನ ಇಲ್ಲ, ರುಬ್ಬುವ ಕಲ್ಲು ನಿಧಾನ.

ಕಲ್ಯಾಣ ವಿಡಿಯೊ · ಮಂಗಳವಾರ ಬೆಳಗ್ಗೆ 6:20

ಹಳೇಬೇರು ಅವರು ಹೇಳಿದ್ದಕ್ಕೆ ನನ್ನದೊಂದು ಸಾಕ್ಷಿ.

ದಾವಣಗೆರೆಯಲ್ಲಿ ಮದುವೆ ವಿಡಿಯೊ ಮಾಡಿಕೊಂಡು ಬಂದವನು. 2003-04ರಲ್ಲಿ ಪೆಂಟಿಯಮ್ 4, 512 ಎಂಬಿ ರ್‍ಯಾಮ್, ಇಷ್ಟರಲ್ಲಿ ಮೂರು ಗಂಟೆಯ ಮದುವೆ ಎಡಿಟ್ ಮಾಡಿ ಸಿಡಿ ಕೊಟ್ಟಿದ್ದೇನೆ. ಈಗಿನ ಹುಡುಗರು ನಂಬುವುದಿಲ್ಲ. ಅದು ಹೇಗೆ ಓಡುತ್ತಿತ್ತು? ಮಿನಿ ಡಿವಿ ಟೇಪು. ಅದರಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಹಿಂದಿನದು ಮುಂದಿನದು ಅನ್ನುವ ಹಂಗಿಲ್ಲ. 720 × 576, ಸೆಕೆಂಡಿಗೆ 25 ಮೆಗಾಬಿಟ್. ಗಂಟೆಗೆ 13 ಜಿಬಿ ತಿನ್ನುತ್ತಿತ್ತು, ಆದರೆ ಟೈಮ್‌ಲೈನ್ ಬೆಣ್ಣೆ ಹಾಗೆ ಜಾರುತ್ತಿತ್ತು. ಫೈಲ್ ದಪ್ಪ, ತಲೆಬಿಸಿ ಕಡಿಮೆ. ಈಗ ಉಲ್ಟಾ.

ಟೇಪಿನಿಂದ ಒಳಗೆ ತೆಗೆದುಕೊಳ್ಳುವುದೇ ಒಂದು ವ್ರತ. ಒಂದು ಗಂಟೆಯ ಟೇಪು ಫೈರ್‌ವೈರ್ ಕೇಬಲ್‌ನಲ್ಲಿ ಬರಲು ಒಂದು ಗಂಟೆಯೇ ಬೇಕು. ಮೊದಮೊದಲು ಡಿಸ್ಕ್ ಫ್ಯಾಟ್32ರಲ್ಲಿ, ಅಂದರೆ ಒಂದು ಫೈಲ್ 4 ಜಿಬಿ ಮೀರಲು ಬಿಡದ ಹಳೇ ವ್ಯವಸ್ಥೆಯಲ್ಲಿ, ಇದ್ದದ್ದು ಗೊತ್ತಿರಲಿಲ್ಲ. 4 ಜಿಬಿ ಆದೊಡನೆ, ಅಂದರೆ ಹತ್ತೊಂಬತ್ತನೇ ನಿಮಿಷದ ಹೊತ್ತಿಗೆ ಕ್ಯಾಪ್ಚರ್ ನಿಂತುಹೋಗುತ್ತಿತ್ತು. ಒಂದು ಮದುವೆಯಲ್ಲಿ ಸರಿಯಾಗಿ ಮಾಂಗಲ್ಯಧಾರಣೆಗೆ ಮುಂಚೆ ನಿಂತಿತು. ಟೇಪು ಇತ್ತು, ಬಚಾವ್.

ತಂಗಿ, ನಿಮ್ಮ ಮಷಿನ್ ನನ್ನ ಆ ಪೆಂಟಿಯಮ್‌ಗಿಂತ ಎಷ್ಟೋ ಪಾಲು ಗಟ್ಟಿ. ಫೈಲ್ ಬದಲಾಯಿಸಿ, ಮಷಿನ್ ಅಲ್ಲ.

ಟರ್ಬೊ ತಿಮ್ಮ · ಮಂಗಳವಾರ ಬೆಳಗ್ಗೆ 9:15

ಸರಿ ಸರ್, ಒಪ್ಪಿದೆ. ಆದರೂ ಒಂದು ಮಾತು. ತಮ್ಮನ ಫೋನ್ ಇದೆಯಲ್ಲ, ಅದರಲ್ಲೇ ಎಡಿಟ್ ಮಾಡಬಹುದಲ್ವಾ? ಆ ಫೋನ್ ಚಿಪ್‌ನಲ್ಲಿ ಎಚ್‌ಇವಿಸಿ ಬಿಡಿಸುವ ಭಾಗ ಇದ್ದೇ ಇದೆ. ವಿಎನ್, ಕೈನ್‌ಮಾಸ್ಟರ್ ಯಾವುದಾದರೂ ಹಾಕಿದರೆ ಈ ಲ್ಯಾಪ್‌ಟಾಪ್‌ಗಿಂತ ಚೆನ್ನಾಗಿ ಓಡುತ್ತೆ.

ಹಿತ್ತಲಗಿಡ · ಮಂಗಳವಾರ ಮಧ್ಯಾಹ್ನ 1:30

ಓಡುತ್ತೆ, ನೋಡಿದೆ. ಆದರೆ ತಮ್ಮ ಭಾನುವಾರ ಹುಬ್ಬಳ್ಳಿಗೆ ಹೊರಟ, ಫೋನೂ ಜೊತೆಗೆ ಹೋಯಿತು. ನನ್ನ ಫೋನ್‌ನಲ್ಲಿ ಅಷ್ಟು ಜಾಗವೇ ಇಲ್ಲ. ಮತ್ತೆ 22 ತುಣುಕನ್ನು ಆ ಅಂಗೈಯಷ್ಟು ಪರದೆಯಲ್ಲಿ ಜೋಡಿಸುತ್ತಾ ಕೂತರೆ ಕಣ್ಣು ಹೋಗುತ್ತೆ.

ಹಳೇಬೇರು · ಮಂಗಳವಾರ ಮಧ್ಯಾಹ್ನ 2:10

ಹಾಗಾದರೆ ಹೀಗೆ ಮಾಡಿ. ವಿಡಿಯೊ ಫೈಲನ್ನು ಬೇರೆ ರೂಪಕ್ಕೆ ತರುವ ಹ್ಯಾಂಡ್‌ಬ್ರೇಕ್ ಇಳಿಸಿಕೊಳ್ಳಿ, ಉಚಿತ. 22 ತುಣುಕನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ಆ ಫೋಲ್ಡರ್ ತೆರೆಯಿರಿ. "ಫಾಸ್ಟ್ 1080ಪಿ30" ಅನ್ನುವ ಪ್ರಿಸೆಟ್ ಆರಿಸಿ. ವಿಡಿಯೊ ಟ್ಯಾಬ್‌ಗೆ ಹೋಗಿ ಎರಡು ಬದಲಾವಣೆ ಮಾಡಿ. ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು 18ಕ್ಕೆ ತನ್ನಿ, ಸಂಖ್ಯೆ ಇಳಿದಷ್ಟೂ ಗುಣಮಟ್ಟ ಜಾಸ್ತಿ. ಆಮೇಲೆ ಫ್ರೇಮ್‌ರೇಟ್ ಕೆಳಗೆ "ಕಾನ್‌ಸ್ಟಂಟ್" ಅನ್ನುವುದನ್ನು ಒತ್ತಿ. ಇದನ್ನು ಮರೆಯಬೇಡಿ. ಫೋನ್‌ಗಳು ಬೆಳಕು ನೋಡಿಕೊಂಡು ಫ್ರೇಮ್‌ರೇಟ್ ಏರಿಸಿ ಇಳಿಸಿ ಮಾಡುತ್ತವೆ. ನಿಮ್ಮದರಲ್ಲಿ ವೇರಿಯಬಲ್ ಅಂತ ಬಂದದ್ದು ಅದಕ್ಕೇ. ಹಾಗೇ ಎಡಿಟರ್‌ಗೆ ಹಾಕಿದರೆ ಹತ್ತು ನಿಮಿಷ ಆಗುವಷ್ಟರಲ್ಲಿ ಬಾಯಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು.

ಎಲ್ಲವನ್ನೂ ಸಾಲಿಗೆ ಹಾಕಿ ರಾತ್ರಿ ಬಿಟ್ಟು ಮಲಗಿ. ಬೆಳಗ್ಗೆ ಸಿಗುವುದು 1080ಪಿ, ಎಚ್.264 ಫೈಲ್. ಅದು ನಿಮ್ಮ ಲ್ಯಾಪ್‌ಟಾಪ್‌ಗೆ ಬರುವ ಭಾಷೆ.

ಕಲ್ಯಾಣ ವಿಡಿಯೊ · ಮಂಗಳವಾರ ಸಂಜೆ 5:45

ಇಲ್ಲಿ ನನ್ನ ತಕರಾರು ಇದೆ. ಯಾಕೆ ಎಲ್ಲಾ 4ಕೆಯನ್ನು ಇಳಿಸಬೇಕು? ಪ್ರಾಕ್ಸಿ ಮಾಡಿ. ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಪ್ರಾಕ್ಸಿ ಇದೆ, ಅದೇ ಥರದ ಇನ್ನೊಂದು ಎಡಿಟರ್ ಕೆಡೆನ್‌ಲೈವ್‌ನಲ್ಲೂ ಇದೆ. ಅದು ಪ್ರತಿ ತುಣುಕಿಗೂ ಒಂದು ಚಿಕ್ಕ ನಕಲು ಮಾಡಿಕೊಳ್ಳುತ್ತೆ. ಕತ್ತರಿಸಿ ಜೋಡಿಸುವುದೆಲ್ಲ ಆ ನಕಲಿನ ಮೇಲೆ, ಕೊನೆಗೆ ಸಿದ್ಧ ವಿಡಿಯೊ ಎಕ್ಸ್‌ಪೋರ್ಟ್ ಆಗುವುದು ಮೂಲದಿಂದ. 4ಕೆಯಲ್ಲಿ ಇದ್ದರೆ ನಾಳೆ ಆಯಿಯ ಕೈ ಮಾತ್ರ ಹತ್ತಿರದಿಂದ ಬೇಕು ಅಂದರೆ ಅರ್ಧ ಫ್ರೇಮ್ ಕತ್ತರಿಸಿಕೊಂಡರೂ 1080ಪಿ ಉಳಿಯುತ್ತೆ. ಒಂದೇ ಕ್ಯಾಮೆರಾದಲ್ಲಿ ಎರಡು ಕ್ಯಾಮೆರಾದ ಕೆಲಸ. ಅದನ್ನು ಬಿಟ್ಟುಕೊಡುವುದು ನನಗೆ ಸಂಕಟ.

ಹಳೇಬೇರು · ಮಂಗಳವಾರ ಸಂಜೆ 6:30

ಮದುವೆಮನೆಯವರ ಮಾತು ಬೇರೆ ಮಷಿನ್ ಆಗಿದ್ದರೆ ಒಪ್ಪುತ್ತಿದ್ದೆ. ಪ್ರಾಕ್ಸಿ ಮಾಡುವಾಗ ಒಂದು ಸಲ 4ಕೆ ಬಿಡಿಸಬೇಕು. ಎಕ್ಸ್‌ಪೋರ್ಟ್ ಮಾಡುವಾಗ ಮೂಲದಿಂದ ಮತ್ತೆ ಬಿಡಿಸಬೇಕು. ಏನೋ ತಪ್ಪಾಯಿತು ಅಂತ ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿದರೆ ಮೂರನೇ ಸಲ. ಮೊದಲ ವಿಡಿಯೊ ಮಾಡುವವರು ಮೂರು ಸಲ ಎಕ್ಸ್‌ಪೋರ್ಟ್ ಮಾಡೇ ಮಾಡುತ್ತಾರೆ. ಶೀರ್ಷಿಕೆಯಲ್ಲಿ ಕಾಗುಣಿತ ತಪ್ಪಿರುತ್ತೆ. ಪರಿವರ್ತನೆ ಮಾಡಿಟ್ಟರೆ ಆ ಹಿಂಸೆ ಒಂದೇ ರಾತ್ರಿಗೆ ಮುಗಿಯುತ್ತೆ.

ಮೂಲ ಫೈಲ್ ಅಳಿಸಬೇಡಿ ಅಕ್ಕ, ಅದು ಖಂಡಿತ. ಬೇರೆ ಡಿಸ್ಕ್‌ನಲ್ಲಿಡಿ. ಹತ್ತಿರದ ಶಾಟ್ ಬೇಕಾದ ಒಂದೆರಡು ತುಣುಕಿಗೆ ಮಾತ್ರ ಮೂಲದಿಂದ ಕತ್ತರಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್‌ನಲ್ಲೇ ಕ್ರಾಪ್ ಮಾಡಬಹುದು.

ಕಲ್ಯಾಣ ವಿಡಿಯೊ · ಮಂಗಳವಾರ ಸಂಜೆ 6:41

ಕಾಗುಣಿತದ ಮಾತಿಗೆ ಉತ್ತರ ಇಲ್ಲ ನನ್ನ ಹತ್ತಿರ. "ಶುಭ ವಿವಹಾ" ಅಂತ ಐವತ್ತು ಸಿಡಿ ಹೋಗಿದೆ ನನ್ನ ಕೈಯಿಂದ.

ಮಂಗ್ಳೂರು ಬನ್ಸ್ · ಮಂಗಳವಾರ ರಾತ್ರಿ 8:20

ಮಾರಾಯ್ರೆ, ವಿಂಡೋಸ್ 10 ಅಂದಿರಲ್ಲ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಮೇಲಿನದಕ್ಕೇ, ನಿಮ್ಮದು ಅದರ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ. ಶಾಟ್‌ಕಟ್, ಕೆಡೆನ್‌ಲೈವ್, ಹ್ಯಾಂಡ್‌ಬ್ರೇಕ್ ಮೂರೂ ಅದರಲ್ಲಿ ಸಿಗುತ್ತವೆ. ನನ್ನದು ನಿಮ್ಮದಕ್ಕಿಂತ ಹಳತು, 3ನೇ ತಲೆಮಾರು. ಯಕ್ಷಗಾನದ ತುಣುಕುಗಳನ್ನೆಲ್ಲ ಅದರಲ್ಲೇ ಕತ್ತರಿಸುವುದು ನಾನು.

ಒಂದು ಎಚ್ಚರ. ಲಿನಕ್ಸ್‌ನಲ್ಲಿ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಹಾಕಲು ಹೋಗಬೇಡಿ. ಅದು ಅಲ್ಲಿ ಎಚ್.264, ಎಚ್.265 (ಎಚ್‌ಇವಿಸಿಯ ಇನ್ನೊಂದು ಹೆಸರು) ಫೈಲ್ ತೆರೆಯುವುದೇ ಇಲ್ಲ. ನಾನು ಒಂದು ಶನಿವಾರ ಪೂರ್ತಿ ಕೂತು ಡ್ರೈವರ್ ಸರಿಮಾಡಿ, ಕೊನೆಗೆ ಫೋನ್ ವಿಡಿಯೊ ಹಾಕಿದರೆ ಬರೀ ಧ್ವನಿಯ ಗೆರೆಗೂ ಗತಿ ಇಲ್ಲ. ಆ ದಿನ ಮನೆಯವಳು "ಇದರ ಬದಲು ಮನೆಯ ಮಾಡು (ಸೂರು) ತೊಳೆದಿದ್ದರೆ ಮಾಡಾದರೂ ಸ್ವಚ್ಛ ಆಗ್ತಿತ್ತು" ಅಂದಳು.

ಇನ್ನೊಂದು. ಬರೀ ತಲೆ-ಬಾಲ ಕತ್ತರಿಸಬೇಕು, ಬಣ್ಣ ಗಿಣ್ಣ ಏನೂ ಮುಟ್ಟಲ್ಲ ಅಂದರೆ ಲಾಸ್‌ಲೆಸ್‌ಕಟ್ ಸಾಕು. ಅದು ಬಿಡಿಸಿ ಮತ್ತೆ ಒತ್ತುವ ಕೆಲಸವನ್ನೇ ಮಾಡುವುದಿಲ್ಲ. ಇದ್ದ ಹಾಗೇ ತುಂಡು ಮಾಡಿ ಕೊಡುತ್ತದೆ. ಎರಡು ಗಂಟೆಯ ಪ್ರಸಂಗದಿಂದ ಹತ್ತು ನಿಮಿಷ ತೆಗೆಯಲು ಚಹಾ ಕುಡಿಯುವಷ್ಟೂ ಹೊತ್ತು ಬೇಡ. ಆದರೆ ಕತ್ತರಿ ಬೀಳುವುದು ಪೂರ್ತಿ ಚಿತ್ರ ಇರುವ ಫ್ರೇಮ್‌ನಲ್ಲಿ ಮಾತ್ರ, ಅರ್ಧ-ಒಂದು ಸೆಕೆಂಡ್ ಆಚೆ ಈಚೆ ಆಗುತ್ತದೆ.

ಧಾರವಾಡದಂವ · ಮಂಗಳವಾರ ರಾತ್ರಿ 9:05

ನಡುವ ಬಾಯಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಹತ್ರ ಡೆಸ್ಕ್‌ಟಾಪ್ ಐತಿ, ಐ5-3470, ಸಪೂರ ಕ್ಯಾಬಿನೆಟ್, ಆಫೀಸಿನ್ಯಾಗ ಇರೋವಂಥದು. ನಂದೂ ಇದ ತ್ರಾಸ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ರ ಹೆಂಗ? ಜಿಟಿ 1030 ಸೋವಿ ಸಿಗಾಕತ್ತೈತಿ.

ಹಳೇಬೇರು · ಮಂಗಳವಾರ ರಾತ್ರಿ 9:25

ಡೆಸ್ಕ್‌ಟಾಪ್‌ನವರಿಗೆ ಆ ದಾರಿ ಉಂಟು ಸರ, ಲ್ಯಾಪ್‌ಟಾಪ್‌ನವರಿಗೆ ಇಲ್ಲ. ಜಿಟಿ 1030 ಎಚ್‌ಇವಿಸಿ ಬಿಡಿಸುತ್ತೆ, ಆದರೆ ಅದರಲ್ಲಿ ಎನ್‌ಕೋಡರ್, ಅಂದರೆ ವಿಡಿಯೊ ಒತ್ತುವ ಭಾಗ, ಇಲ್ಲ. ನೋಡೋದಕ್ಕೆ ಚೆಂದ, ಎಕ್ಸ್‌ಪೋರ್ಟ್‌ಗೆ ಉಪಯೋಗ ಇಲ್ಲ. ಜಿಟಿಎಕ್ಸ್ 1050ರಲ್ಲಿ ಎರಡೂ ಇವೆ. ಎರಡು ವಿಷಯ ನೋಡಿ ತಗೊಳ್ಳಿ. ಒಂದು, ಕಾರ್ಡ್ ಬೇರೆ ಪವರ್ ವಯರ್ ಕೇಳಬಾರದು, ಆ ಆಫೀಸ್ ಡಬ್ಬಿಗಳ ಪವರ್ ಸಪ್ಲೈ ಚಿಕ್ಕದು. ಎರಡು, ಗಿಡ್ಡನೆಯ ಲೋ ಪ್ರೊಫೈಲ್ ಕಾರ್ಡೇ ಆಗಬೇಕು. ಇಲ್ಲಾಂದ್ರೆ ಒಳಗೆ ಕೂರಲ್ಲ. ಮತ್ತೆ ನೀವು ಬಳಸುವ ಸಾಫ್ಟ್‌ವೇರ್ ಆ ಕಾರ್ಡನ್ನು ಉಪಯೋಗಿಸಿಕೊಳ್ಳುತ್ತಾ ಅಂತ ಮೊದಲೇ ನೋಡಿ. ಎಷ್ಟೋ ಸಲ ಕಾರ್ಡ್ ಸುಮ್ನೆ ಕೂತಿರುತ್ತೆ, ಪ್ರೊಸೆಸರ್ ಬೆವರುತ್ತಿರುತ್ತೆ.

ಹಿತ್ತಲಗಿಡ · ಬುಧವಾರ ಬೆಳಗ್ಗೆ 7:10

ವರದಿ. ರಾತ್ರಿ ಹ್ಯಾಂಡ್‌ಬ್ರೇಕ್‌ನಲ್ಲಿ ಎಲ್ಲಾ ಸಾಲಿಗೆ ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಆರು ತುಣುಕು ಆಗಿದೆ, ಏಳನೆಯದರ ಮಧ್ಯೆ ತೆವಳುತ್ತಿದೆ. ಫ್ಯಾನ್ ಶಬ್ದ ಹಿಟ್ಟಿನ ಗಿರಣಿ ಹಾಗೆ. ಕೆಳಗೆ ಕೈ ಇಟ್ಟರೆ ಸುಡುತ್ತೆ. ಇದರ ಮೇಲೂ ತೊಡದೇವು ಎಳೆಯಬಹುದು.

ಹಳೇಬೇರು · ಬುಧವಾರ ಬೆಳಗ್ಗೆ 8:00

ನಿಲ್ಲಿಸಿ ಅದನ್ನ. ಎಚ್‌ಡಬ್ಲ್ಯುಇನ್ಫೊ ಅನ್ನುವ ಸಾಫ್ಟ್‌ವೇರ್ ಹಾಕಿ, ಕೆಲಸ ನಡೆಯುವಾಗ ಎರಡು ಸಂಖ್ಯೆ ನೋಡಿ: ಪ್ರೊಸೆಸರ್ ಎಷ್ಟು ಡಿಗ್ರಿ, ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ. ನಿಮ್ಮದು ಕನಿಷ್ಠ 2.6 ಓಡಬೇಕು.

ಹಿತ್ತಲಗಿಡ · ಬುಧವಾರ ಬೆಳಗ್ಗೆ 8:25

97 ಡಿಗ್ರಿ. 0.8 ಮತ್ತು 1.2ರ ನಡುವೆ ಓಲಾಡುತ್ತಿದೆ.

ಹಳೇಬೇರು · ಬುಧವಾರ ಬೆಳಗ್ಗೆ 8:40

ಅಲ್ಲಿಗೆ ನಿಮ್ಮ ಹತ್ತಿರ ಇರುವುದು ಅರ್ಧ ಲ್ಯಾಪ್‌ಟಾಪ್. ಆ ಚಿಪ್‌ನ ಮಿತಿ 100 ಡಿಗ್ರಿ. ಹತ್ತಿರ ಬಂದೊಡನೆ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತೆ. ಹತ್ತು ವರ್ಷದಲ್ಲಿ ಶಾಖ ಹೊರಹಾಕುವ ಹೀಟ್‌ಸಿಂಕ್‌ನ ರೆಕ್ಕೆಗಳಿಗೆ ಧೂಳು ಕಂಬಳಿ ಹಾಗೆ ಕೂತಿರುತ್ತೆ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿರುತ್ತೆ. ನಾನು ಬಿಚ್ಚಿದ ಲ್ಯಾಪ್‌ಟಾಪ್‌ಗಳಲ್ಲಿ ಹಲ್ಲಿ ಮೊಟ್ಟೆ ಕೂಡ ಸಿಕ್ಕಿದೆ.

ಊರಿನಲ್ಲಿ ರಿಪೇರಿ ಮಾಡುವವರ ಹತ್ತಿರ ಕೊಟ್ಟು ಫ್ಯಾನ್ ತೆಗೆಸಿ ಸ್ವಚ್ಛ ಮಾಡಿಸಿ, ಹೊಸ ಪೇಸ್ಟ್ ಹಾಕಿಸಿ. ಎಸ್‌ಎಸ್‌ಡಿ, ರ್‍ಯಾಮ್ ಎಲ್ಲಕ್ಕಿಂತ ಮೊದಲು ಇದು. ಹಾಗೇ ರ್‍ಯಾಮ್ ಒಂದೇ ಪಟ್ಟಿ ಇದೆಯೋ ಎರಡಿವೆಯೋ ನೋಡಲು ಹೇಳಿ. ಒಂದೇ 8 ಜಿಬಿ ಪಟ್ಟಿ ಇದ್ದರೆ ಇನ್ನೊಂದು 8 ಜಿಬಿ ಹಾಕಿಸಿ. ಜಾಗ ಹೆಚ್ಚುವುದಷ್ಟೇ ಅಲ್ಲ, ಎರಡು ದಾರಿಯಲ್ಲಿ ಡೇಟಾ ಓಡುತ್ತೆ. ಬೇರೆ ಗ್ರಾಫಿಕ್ಸ್ ಇಲ್ಲದ ಮಷಿನ್‌ನಲ್ಲಿ ಅದು ಗೊತ್ತಾಗುತ್ತೆ. ಪಟ್ಟಿ ಮೇಲೆ "ಪಿಸಿ3ಎಲ್" ಅಂತ ಇರಬೇಕು, ಆ "ಎಲ್" ಮುಖ್ಯ, 1.35 ವೋಲ್ಟ್‌ನದು ಅಂತ. ಬರೀ "ಪಿಸಿ3" ತಂದು ಹಾಕಿ ಪರದೆಯೇ ಬಾರದೆ ವಾಪಸ್ ಬಂದವರನ್ನು ಲೆಕ್ಕ ಇಟ್ಟಿಲ್ಲ.

ಕಡ್ಲೆಕಾಯಿ · ಬುಧವಾರ ಬೆಳಗ್ಗೆ 9:30

ಹೇಗೂ ಬಿಚ್ಚುತ್ತಾರಲ್ಲ, ಎಸ್‌ಎಸ್‌ಡಿನೂ ಹಾಕಿಸಿಬಿಡಿ.

ಹಳೇಬೇರು · ಬುಧವಾರ ಬೆಳಗ್ಗೆ 9:34

ಆಯ್ತು ಮಾರಾಯ, ಹಾಕಿಸಲಿ.

ಹಿತ್ತಲಗಿಡ · ಶುಕ್ರವಾರ ರಾತ್ರಿ 8:50

ಪೇಟೆಗೆ ಹೋಗಿ ಬಂದೆ. ಅವರು ಫ್ಯಾನ್ ತೆಗೆದು ಬ್ರಶ್ ಹಾಕಿದಾಗ ಒಳಗಿಂದ ಬಂದ ಧೂಳಿನ ಉಂಡೆ ಫೆಲ್ಟ್ ಬಟ್ಟೆ ಹಾಗೆ ಇತ್ತು, ಎತ್ತಿದರೆ ಹಾಳೆಯಾಗಿ ಎದ್ದಿತು. ಪೇಸ್ಟ್ ಹಾಕಿಸಿದೆ. ರ್‍ಯಾಮ್ ಒಂದೇ ಪಟ್ಟಿ ಇತ್ತು, ಹಳೇ ಸ್ಟಾಕಿನ 8 ಜಿಬಿ ಪಟ್ಟಿ ಒಂದು ಅವರಲ್ಲೇ ಸಿಕ್ಕಿತು. "ಎಲ್" ಇದೆಯಾ ಅಂತ ಕೇಳಿದಾಗ ಅವರು ನನ್ನನ್ನು ಎರಡು ಸಲ ನೋಡಿದರು. ಎಸ್‌ಎಸ್‌ಡಿ ಸದ್ಯಕ್ಕೆ ಇಲ್ಲ, ಕಡ್ಲೆಕಾಯಿ ಅವರು ಕ್ಷಮಿಸಬೇಕು.

ಈಗ ಹ್ಯಾಂಡ್‌ಬ್ರೇಕ್ ಓಡುವಾಗ 78 ಡಿಗ್ರಿ. ಒಂದು ನಿಮಿಷದ ತುಣುಕಿಗೆ ಸುಮಾರು ಮೂರೂವರೆ ನಿಮಿಷ ಹಿಡಿಯುತ್ತೆ. ಎಲ್ಲಾ ಸೇರಿ ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ನಡುವೆ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷ ಆಗಿದೆ. ಆದರೆ ಇನ್ವರ್ಟರ್‌ಗೆ ಮೊದಲೇ ಸಿಕ್ಕಿಸಿದ್ದೆ. ಆಯಿಯ ಮಿಕ್ಸಿ ಆ ಹೊತ್ತಿಗೆ ಕಾಯಬೇಕಾಯಿತು.

ಶಾಟ್‌ಕಟ್‌ಗೆ ಹಾಕಿದೆ. ಓಡುತ್ತೆ! ಪ್ರಿವ್ಯೂ ಸ್ಕೇಲಿಂಗ್ (ಎಡಿಟ್ ಮಾಡುವಾಗ ಕಾಣುವ ಚಿತ್ರದ ಗಾತ್ರ) 540ಪಿಗೆ ಇಟ್ಟುಕೊಂಡರೆ ಒಂದೇ ಒಂದು ಸಲವೂ ನಿಲ್ಲುವುದಿಲ್ಲ. ಹಾಳೆ ಮಡಿಕೆಯಿಂದ ಏಳುವುದನ್ನು ಹತ್ತು ಸಲ ನೋಡಿದೆ. ಅಂಚಿನಲ್ಲಿ ಹೊಗೆ ಬರುವುದೂ ಕಾಣುತ್ತೆ.

ಈಗ ಹೊಸ ತಲೆನೋವು. ಶೀರ್ಷಿಕೆ. ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಚಿತ್ರಾನ್ನ ಬರುತ್ತಿದೆ.

ಅಕ್ಷರಜೀವಿ · ಶುಕ್ರವಾರ ರಾತ್ರಿ 9:20

ಇದು ನನ್ನ ಇಲಾಖೆ. ನೀವು ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ. ಅದರಲ್ಲಿ ಕಂಪ್ಯೂಟರ್ ಪಾಲಿಗೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ಹಾಕಿರುತ್ತಾರೆ, ಫಾಂಟ್ ಬದಲಾದರೆ ಮುಖವಾಡ ಕಳಚುತ್ತೆ. ಕನ್ನಡ ಅಕ್ಷರಕ್ಕೆ ತನ್ನದೇ ಗುರುತು ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಇಲ್ಲಾಂದರೆ ವಿಂಡೋಸ್‌ನ ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಿ. ಫಾಂಟ್ ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಹಾಕಿ. ಬಾಲೂ ತಮ್ಮ ದಪ್ಪಗೆ ದುಂಡಗೆ ಇರುತ್ತೆ, ಅಡುಗೆ ವಿಡಿಯೊಗೆ ಒಪ್ಪುತ್ತೆ.

ಯಾವುದೇ ಎಡಿಟರ್‌ನಲ್ಲಿ ಮೊದಲು "ಅಕ್ಕಿ" ಅಂತ ಟೈಪ್ ಮಾಡಿ ನೋಡಿ. ಅದು "ಅಕ್‌ಕಿ" ಅಂತ ಬಂದರೆ ಆ ಸಾಫ್ಟ್‌ವೇರ್‌ಗೆ ಒತ್ತಕ್ಷರ ಗೊತ್ತಿಲ್ಲ ಅಂತ ಅರ್ಥ. ಆಮೇಲೆ "ಅರ್ಧ" ನೋಡಿ, ಅರ್ಕಾವೊತ್ತು ಧಕಾರದ ಬಲಕ್ಕೆ ಕೂತರೆ ಪಾಸ್. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ಗ್ರಾಫಿಕ್ಸ್ ಕೆಳಗೆ "ಸೌತ್ ಏಷ್ಯನ್" ಇರುವ ಆಯ್ಕೆ ಹಾಕಿದರೆ ಮಾತ್ರ ಒತ್ತು ಕೂರುತ್ತೆ. ಶಾಟ್‌ಕಟ್, ಕೆಡೆನ್‌ಲೈವ್‌ನಲ್ಲಿ ಏನೂ ಮಾಡಬೇಕಿಲ್ಲ, ತಾನಾಗೇ ಸರಿ ಬರುತ್ತೆ. ದುಡ್ಡು ಕೊಟ್ಟ ಸಾಫ್ಟ್‌ವೇರ್‌ನಲ್ಲಿ ಕನ್ನಡಕ್ಕೆ ಹುಡುಕಾಡಬೇಕು, ಪುಕ್ಕಟೆಯದರಲ್ಲಿ ಬೇಡ. ಇದು ನನ್ನ ಬಹಳ ವರ್ಷದ ಹೊಟ್ಟೆಕಿಚ್ಚು, ಹೇಳಿ ಮುಗಿಸಿದೆ.

ಹಿತ್ತಲಗಿಡ · ಶುಕ್ರವಾರ ರಾತ್ರಿ 9:48

"ಅಕ್ಕಿ" ಸರಿ ಬಂತು. "ಅರ್ಧ" ಕೂಡ ಪಾಸ್. ಬಾಲೂ ತಮ್ಮ ಹಾಕಿದೆ, ಆಯಿಗೆ ಕನ್ನಡಕ ಇಲ್ಲದೆ ಓದಲು ಬಂತು.

ಕೊನೆಯ ಪ್ರಶ್ನೆ. ಎಕ್ಸ್‌ಪೋರ್ಟ್‌ನಲ್ಲಿ "ಯೂಸ್ ಹಾರ್ಡ್‌ವೇರ್ ಎನ್‌ಕೋಡರ್" ಅಂತ ಒಂದು ಚೌಕ ಇದೆ. ಟಿಕ್ ಹಾಕಲಾ?

ಹಳೇಬೇರು · ಶುಕ್ರವಾರ ರಾತ್ರಿ 10:15

ಎಚ್.264 ಒತ್ತುವ ಭಾಗ ಇಂಟೆಲ್‌ನಲ್ಲಿ 2011ರ 2ನೇ ತಲೆಮಾರಿನಿಂದಲೇ ಇದೆ, ಕ್ವಿಕ್ ಸಿಂಕ್ ಅಂತ ಅದರ ಹೆಸರು. ನಿಮ್ಮದರಲ್ಲೂ ಇದೆ. ಬೇಗ ಮುಗಿಯುತ್ತೆ, ಆದರೆ ಅಷ್ಟು ಹಳೇದರಲ್ಲಿ ಅದೇ ಗಾತ್ರದ ಫೈಲ್‌ಗೆ ಗುಣಮಟ್ಟ ಒಂದು ಕೈ ಕಡಿಮೆ. ಹೊಗೆ, ಬೆಂಕಿ ಇರುವ ಜಾಗದಲ್ಲಿ ಚೌಕ ಚೌಕ ಕಾಣಬಹುದು. ಮೊದಲು ಟಿಕ್ ಹಾಕಿ ಒಂದು ಕರಡು ತೆಗೆದು ಮನೆಯವರಿಗೆ ತೋರಿಸಿ, ತಪ್ಪು ಹುಡುಕಿಸಿ. ಎಲ್ಲಾ ಸರಿ ಆದಮೇಲೆ ಟಿಕ್ ತೆಗೆದು ರಾತ್ರಿ ಬಿಡಿ.

ನಾಯ್ಸ್ ತೆಗೆಯುವುದು, ನಡುಗುವ ಚಿತ್ರ ನಿಲ್ಲಿಸುವುದು, ಇಂಥ ಫಿಲ್ಟರ್ ಮಾತ್ರ ಇಡೀ ವಿಡಿಯೊಗೆ ಹಾಕಬೇಡಿ. ಅಲ್ಲಿ ಈ ಮಷಿನ್ ನಿಜವಾಗಿಯೂ ಸೋಲುತ್ತೆ. ನಾಲ್ಕು ಚಿತ್ರ ಒಂದರ ಮೇಲೊಂದು, ಹಿಂದೆ ಮುಂದೆ ಹಾರುವ ಅಕ್ಷರ, ಅದೂ ಬೇಡ.

ಮುಂದಿನ ಸಲ ತಮ್ಮನ ಫೋನ್‌ನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ 1080ಪಿ, 30 ಫ್ರೇಮ್, ಎಚ್.264 ಅಂತ ಇಟ್ಟುಬಿಡಿ. ಐಫೋನ್ ಆದರೆ "ಮೋಸ್ಟ್ ಕಂಪ್ಯಾಟಿಬಲ್" ಅಂತಿರುತ್ತೆ. ಫ್ರೇಮ್‌ರೇಟ್ ಏರುಪೇರಾದರೆ ಮಾತ್ರ ಹ್ಯಾಂಡ್‌ಬ್ರೇಕ್ ಬೇಕಾಗಬಹುದು, ಅದೂ ಬೇಗ ಮುಗಿಯುತ್ತೆ.

ಕಲ್ಯಾಣ ವಿಡಿಯೊ · ಶನಿವಾರ ಬೆಳಗ್ಗೆ 6:05

ಅದಕ್ಕೊಂದು ಸೇರಿಸುತ್ತೇನೆ. ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಕೆಳಗೆ 30 ಫ್ರೇಮ್‌ನಲ್ಲಿ ಹಿಡಿದರೆ ಗೋಡೆ ಮೇಲೆ ಪಟ್ಟೆ ಓಡಬಹುದು. ನಮ್ಮ ಕರೆಂಟ್ 50 ಹರ್ಟ್ಸ್. ಫೋನ್‌ನಲ್ಲಿ 25 ಫ್ರೇಮ್ ಇದ್ದರೆ ಅದನ್ನು ಹಾಕಿ, ಪ್ರೊ ಮೋಡ್ ಇದ್ದರೆ ಶಟರ್ 1/50 ಅಥವಾ 1/100ಕ್ಕೆ ಇಡಿ. ಆಗ ಪಟ್ಟೆ ಹೋಗುತ್ತೆ. ಇಲ್ಲವೇ ಕಿಟಕಿ ತೆಗೆಯಿರಿ. ಸೂರ್ಯನಿಗೆ ಹರ್ಟ್ಸ್ ಇಲ್ಲ.

ಹಿತ್ತಲಗಿಡ · ಭಾನುವಾರ ಸಂಜೆ 7:30

ಮುಗಿಯಿತು. 11 ನಿಮಿಷದ ವಿಡಿಯೊ. ಟಿಕ್ ಹಾಕಿದ ಕರಡು ಎಂಟು ನಿಮಿಷಕ್ಕೆ ಬಂತು, ಟಿಕ್ ಇಲ್ಲದ್ದು 26 ನಿಮಿಷ. ಹಳೇಬೇರು ಅವರು ಹೇಳಿದ ಹಾಗೇ ಒಲೆ ಬೆಂಕಿಯಲ್ಲಿ ಚೌಕ ಕಂಡಿತ್ತು, ಎರಡನೆಯದರಲ್ಲಿ ಇಲ್ಲ. ಹಾಳೆ ಏಳುವ ಒಂದು ಶಾಟ್ ಮಾತ್ರ ಮೂಲ 4ಕೆಯಿಂದ ಕತ್ತರಿಸಿದೆ, ಕಲ್ಯಾಣ ಅಣ್ಣನ ಸಂಕಟಕ್ಕೆ. ಬೆರಳಿನ ತುದಿ, ಹಾಳೆಯ ಅಂಚು, ಅದರ ಆಚೆ ಬೆಳಕು. ಆಯಿ ನೋಡಿ "ನನ್ನ ಉಗುರು ಇಷ್ಟು ದೊಡ್ಡದಾ" ಅಂದಳು, ಮತ್ತೇನೂ ಹೇಳಲಿಲ್ಲ. ಮತ್ತೊಂದು ಸಲ ಹಾಕು ಅಂದಳು.

ಎಕ್ಸ್‌ಪೋರ್ಟ್ ಮಾಡಿದ್ದು ಒಟ್ಟು ನಾಲ್ಕು ಸಲ. "ತೊಡೆದೇವು" ಅಂತ ಬರೆದಿದ್ದೆ.

ಟರ್ಬೊ ತಿಮ್ಮ · ಭಾನುವಾರ ಸಂಜೆ 7:52

ಸ್ಕೂಟಿ ಮಾತು ವಾಪಸ್ ತಗೊಂಡೆ. ಲಿಂಕ್ ಹಾಕಿ.

ಧಾರವಾಡದಂವ · ಭಾನುವಾರ ರಾತ್ರಿ 9:40

ನಂದೂ ವರದಿ ಕೇಳ್ರಿ. 1050 ಲೋ ಪ್ರೊಫೈಲ್ ಕಾರ್ಡ ಬಂತು, ಸೆಕೆಂಡ್ ಹ್ಯಾಂಡ್. ಸ್ಲಾಟಿನ್ಯಾಗ ಕೂತೈತಿ, ಪರದೆ ಬಂತು, ಎಲ್ಲಾ ಓಕೆ. ಆದ್ರ ಕ್ಯಾಬಿನೆಟ್ ಮುಚ್ಚವಲ್ದು. ಹಿಂದಿನ ಕಬ್ಬಿಣದ ಪಟ್ಟಿ ಉದ್ದ ಆಗೇತಿ.

ಹಳೇಬೇರು · ಭಾನುವಾರ ರಾತ್ರಿ 9:47

ಅದು ದೊಡ್ಡ ಕ್ಯಾಬಿನೆಟ್ಟಿನ ಬ್ರಾಕೆಟ್ ಸರ. ಸಾಮಾನ್ಯವಾಗಿ ಗಿಡ್ಡದೊಂದು ಜೊತೆಗೇ ಬಂದಿರುತ್ತೆ. ಡಬ್ಬಿಯಲ್ಲಿ ನೋಡಿ, ಎರಡು ಸ್ಕ್ರೂ ಬಿಚ್ಚಿ ಹಾಕಿದರೆ ಆಯಿತು.

ಧಾರವಾಡದಂವ · ಭಾನುವಾರ ರಾತ್ರಿ 9:58

ಡಬ್ಬಿ ನಮ್ಮನಿಯಾಕಿ ನಿನ್ನೆನ ಗುಜರಿಯವಗ ಕೊಟ್ಟಾಳ್ರಿ. ಸದ್ಯಕ್ಕ ತೆರೆದೇ ಇಟ್ಟೀನಿ, ಗಾಳಿನೂ ಚಲೋ ಆಡತೈತಿ.